ಸೂರ್ಯನ ನೆರಳು

ಶಾಂತಪ್ಪನವರೇ, ನಿಮ್ಮ ಬಲಗಣ್ಣು ಹಾಳಾದದ್ದು ನಿಮ್ಮ ಸೋದರಮಾವನ ಹಟದಿಂದಲ್ಲ. ನನ್ನ ಬಾಯಿಂದ ಬಂದ ಒಂದೇ ಒಂದು ಪದದಿಂದ. ಬಾಯಿ ತಪ್ಪಿ ಬಂದ ಪದವಲ್ಲ ಅದು — ಬೇಕೆಂದೇ ಆಡಿದ್ದು. ಇಷ್ಟು ವರ್ಷ ನೀವು ನಿಮ್ಮ ಮಾವನನ್ನು ಬಯ್ಯುವಾಗಲೆಲ್ಲ ಎದುರಿಗೆ ಕೂತು, ನಿಮ್ಮ ಮನೆಯ ಕಾಫಿ ಕುಡಿಯುತ್ತ, ಹೌದು ಹೌದು ಎಂದು ತಲೆಯಾಡಿಸಿದವನು ನಾನು. ಮಾವ ನಿಮ್ಮ ನಂಬಿಕೆಯನ್ನು ಯಾಕೆ ಮುರಿದರು ಎಂದು ನೀವು ಕೇಳಿದ್ದು ಸದಾ ನನ್ನನ್ನೇ — ಆ ಪ್ರಶ್ನೆಗೆ ಊರಿನಲ್ಲಿ ಉತ್ತರ ಗೊತ್ತಿದ್ದವನೂ ನಾನೊಬ್ಬನೇ.

ನಿಮಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗೊತ್ತಿರುವುದರ ಒಳಗೇ ಗೊತ್ತಿಲ್ಲದ್ದೂ ಕೂತಿದೆ.

ಅರಸೀಕೆರೆಯ ಹೈಸ್ಕೂಲಿಗೆ ನೀವು ಸೈನ್ಸ್ ಮೇಷ್ಟರಾಗಿ ಬಂದಾಗ ನಾನಲ್ಲಿ ಆಗಲೇ ಹಳಬ, ಕನ್ನಡ ಪಂಡಿತ. ಬೇಲೂರಿನ ದೇವಸ್ಥಾನದಲ್ಲಿ ಪಾರಾಯಣ ಮಾಡುತ್ತಿದ್ದವರ ಮಗ. ಪಂಡಿತ ಎಂದರೆ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಸ್ಟಾಫ್ ರೂಮಿನಲ್ಲಿ ಮಾತ್ರ ನನ್ನ ಕುರ್ಚಿ ಡ್ರಿಲ್ ಮೇಷ್ಟರ ಕುರ್ಚಿಗಿಂತ ಆಚೆ, ಬಾಗಿಲ ಬಳಿ. ಕಾಫಿ ನನ್ನ ತನಕ ಬರುವ ಹೊತ್ತಿಗೆ ಆರಿಹೋಗಿರುತ್ತಿತ್ತು. ನೀವು ಬಂದ ಹೊಸದರಲ್ಲೇ ನಿಮ್ಮ ಕುರ್ಚಿಯನ್ನು ಎಳೆದು ತಂದು ನನ್ನ ಪಕ್ಕ ಹಾಕಿಕೊಂಡಿರಿ. ಎಲ್ಲರೂ ನೋಡಿದರು. ನಾನೂ ನೋಡಿದೆ — ಒಳಗೊಳಗೇ ಹಿಗ್ಗಿದೆ.

ನಿಮಗೆ ಬೇಕಾಗಿದ್ದದ್ದು ಪದಗಳು. ಜಾವಗಲ್ಲಿನ ತೆಂಗಿನ ತೋಟದಲ್ಲಿ ಬೆಳೆದರೂ ನೀವು ವಿಜ್ಞಾನ ಓದಿದ್ದು ಇಂಗ್ಲಿಷಿನಲ್ಲಿ; ಕನ್ನಡದಲ್ಲಿ ಹೇಳಹೊರಟರೆ ನಡುವೆ ಸಿಕ್ಕಿಕೊಳ್ಳುತ್ತಿದ್ದಿರಿ. "ಪಂಡಿತ್ರೆ, ಇದಕ್ಕೆ ನಮ್ಮಲ್ಲಿ ಏನಂತಾರ್ರೀ?" ಎಂದು ದಿನಕ್ಕೊಂದು ಪ್ರಶ್ನೆ ತರುತ್ತಿದ್ದಿರಿ. ನಾನು ಒಂದೊಂದು ಪದ ಹುಡುಕಿ ಕೊಟ್ಟಾಗಲೂ ಬಾಯಲ್ಲಿ ಹಾಕಿ ಚಪ್ಪರಿಸಿದಂತೆ ಎರಡು ಸಲ ಅಂದು ನೋಡುತ್ತಿದ್ದಿರಿ. ನನ್ನ ವಿದ್ಯೆಯನ್ನು ಅಷ್ಟು ಆಸೆಯಿಂದ ತೆಗೆದುಕೊಂಡವರು ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಆಮೇಲೆ ಸೂರ್ಯನ ಹುಚ್ಚು. ಎಲ್ಲಿಂದಲೋ ಒಂದು ಹಳೆಯ ಕೈದುರ್ಬೀನು ಸಂಪಾದಿಸಿದ್ದಿರಿ. ಭಾನುವಾರ ಬಂತೆಂದರೆ ಮೊದಲ ಬಸ್ಸು ಹಿಡಿದು ಹಳೇಬೀಡು. ಅಲ್ಲೇ ಯಾಕೆ ಎಂದರೆ, ಗುಡಿಯ ಜಗತಿಯ ಕಲ್ಲು ಅಲ್ಲಾಡುವುದಿಲ್ಲ, ಯಾರ ಕಾಟವೂ ಇಲ್ಲ ಎನ್ನುತ್ತಿದ್ದಿರಿ. ದೊಡ್ಡ ನಂದಿಯ ಹಿಂದೆ ಸೂರ್ಯನ ಮೂರ್ತಿ ನಿಂತಿದೆಯಲ್ಲ, ಅದಕ್ಕೆ ಒಂದು ಕೈ ಮುಗಿದು, ಹೊರಗೆ ಬಂದು ದುರ್ಬೀನನ್ನು ಮೂರು ಕೋಲಿನ ಮೇಲೆ ಕಟ್ಟಿ ಬಿಸಿಲಿಗೆ ತಿರುಗಿಸುತ್ತಿದ್ದಿರಿ. ಕಣ್ಣಿಟ್ಟು ನೋಡುತ್ತಿರಲಿಲ್ಲ, ನನ್ನನ್ನೂ ನೋಡಗೊಡುತ್ತಿರಲಿಲ್ಲ. ಹಿಂದುಗಡೆ ಬಿಳಿ ಹಾಳೆ ಹಿಡಿದರೆ ಅದರ ಮೇಲೆ ದುಂಡಗೆ ಸೂರ್ಯ, ಅವನ ಮೈಮೇಲೆ ಎಳ್ಳಿನಂಥ ಕಪ್ಪು ಕಲೆಗಳು. ನನ್ನ ಕೈ ನಡುಗುವುದಿಲ್ಲ ಎಂದು ಪೆನ್ಸಿಲು ನನಗೆ ಕೊಡುತ್ತಿದ್ದಿರಿ. ಕಲೆಗಳನ್ನು ಬಿದ್ದ ಹಾಗೇ ಗುರುತು ಮಾಡುವುದು ನನ್ನ ಕೆಲಸ. ಮಧ್ಯಾಹ್ನ ನನ್ನ ಪುಳಿಯೋಗರೆಗೆ ನೀವು ಕೈ ಹಾಕುತ್ತಿದ್ದಿರಿ. ನಿಮ್ಮ ಬುತ್ತಿಯ ರೊಟ್ಟಿಯನ್ನು ನಾನು ಮುಟ್ಟುತ್ತಿರಲಿಲ್ಲ. ಆಗ ಹಾಗಿತ್ತು — ಹಾಗಿತ್ತು ಅಂದರೆ, ನಾನು ಹಾಗಿದ್ದೆ.

ಒಂದು ಭಾನುವಾರ ನೀವು ಹಾಳೆಯನ್ನು ತೋರಿಸಿ "ಎಷ್ಟು ಚೆನ್ನಾಗಿ ಬಿದ್ದಿದೆ ನೋಡಿ ಸೂರ್ಯನ ನೆರಳು" ಎಂದಿರಿ. ನನಗೆ ಮೈ ಉರಿಯಿತು. ಪಂಡಿತನಲ್ಲವೇ! ಅಲ್ಲೇ ಪಾಠ ಶುರು ಮಾಡಿದೆ. ನೆರಳು ಅನ್ನಬಾರದು, ಬೆಳಕು ಇಲ್ಲದ ಕಡೆಯದು ನೆರಳು. ಇದು ಬೆಳಕೇ ಬಂದು ಕೂತದ್ದು, ಇದು ಬಿಂಬ. ಗರ್ಭಗುಡಿಯ ಮೂರ್ತಿಗೂ ಬಿಂಬ ಅನ್ನುತ್ತೇವೆ, ನೀರಿನಲ್ಲಿ ಕಾಣುವ ಚಂದ್ರನಿಗೂ ಬಿಂಬವೇ. ನೆರಳು ಅಂದರೆ ಜನ ಮುಖ ತಿರುಗಿಸುತ್ತಾರೆ, ಬಿಂಬ ಅಂದರೆ ಕೈ ಮುಗಿಯುತ್ತಾರೆ — ಹೀಗೆಲ್ಲ ಹೇಳಿದೆ. ನೀವು ಬಿಂಬ, ಬಿಂಬ ಎಂದು ಎರಡು ಸಲ ಅಂದುಕೊಂಡಿರಿ. ಆ ಮಾತು ನೆನಪಿಟ್ಟುಕೊಳ್ಳಿ. ಎರಡು ಪದಕ್ಕೂ ಇರುವ ಅಂತರ ನನಗೆ ಗೊತ್ತಿತ್ತು, ನಿಮಗೆ ಹೇಳಿಕೊಟ್ಟವನೇ ನಾನು.

ಅದೇ ವರ್ಷ ನಿಮ್ಮನ್ನು ಸಾಕಿದ ಸೋದರಮಾವ ರುದ್ರಪ್ಪ ಸಾಹುಕಾರರು ತೀರಿಹೋದ ತಮ್ಮ ತಂದೆಯ ಹೆಸರಿನಲ್ಲಿ ಹೈಸ್ಕೂಲಿಗೆ ಏನಾದರೂ ಕೊಡಬೇಕೆಂದು ಹೊರಟರು. ಕೊಬ್ಬರಿ ಮಂಡಿಯ ಮೂಟೆಗಳ ನಡುವೆ ನೀವು ನನ್ನನ್ನೂ ಕೂರಿಸಿಕೊಂಡು ಅವರಿಗೆ ಸೂರ್ಯನ ಕಥೆ ಹೇಳಿದಿರಿ. ದೊಡ್ಡ ದೂರದರ್ಶಕ ಒಂದು ಬಂದರೆ ದಿನದಿನವೂ ಸೂರ್ಯನನ್ನು ನೋಡಬಹುದು, ಫೋಟೋ ತೆಗೆಯಬಹುದು, ಬಜಾರಿನ ಸ್ಟುಡಿಯೋದವನು ಕ್ಯಾಮೆರಾ ಕೊಡಲು ಒಪ್ಪಿದ್ದಾನೆ, ಈ ಸೀಮೆಯಲ್ಲೇ ಯಾರೂ ಮಾಡಿಲ್ಲದ ಕೆಲಸ ಎಂದಿರಿ. ಸಾಹುಕಾರರಿಗೆ ಅರ್ಧ ಅರ್ಥವಾಯಿತು, ಪೂರ್ತಿ ಖುಷಿಯಾಯಿತು. "ನೀ ಹೇಳಿದ್ದೇ ತರಾನ ಕಣ್ಲಾ" ಎಂದು ನಿಮ್ಮ ಬೆನ್ನು ತಟ್ಟಿದರು. ಆ ಮಾತು ಅವರು ಮನಸಾರೆ ಆಡಿದ್ದು. ಅದನ್ನು ನೀವು ಇವತ್ತು ನಂಬಬೇಕು.

ಬೆಂಗಳೂರಿನ ವ್ಯಾಪಾರಿಯೊಬ್ಬನ ಹತ್ತಿರ ಎರಡು ದೂರದರ್ಶಕಗಳಿದ್ದವು. ಒಂದು ಮಸೂರದ್ದು — ತೆಳ್ಳನೆಯ ಉದ್ದ ಕೊಳವೆ. ಇನ್ನೊಂದು ಕನ್ನಡಿಯದ್ದು — ದಪ್ಪ, ಡೊಳ್ಳಿನಂಥ ಬಾಯಿ, ನೋಡಿದವರು ಹೌಹಾರಬೇಕು. ನಿಮಗೆ ಬೇಕಾಗಿದ್ದದ್ದು ಮೊದಲನೆಯದು. "ಸೂರ್ಯನ ಹತ್ರ ಬೆಳಕಿಗೇನು ಬರಾನಾ ಪಂಡಿತ್ರೆ? ಅಗಲ ಯಾಕೆ ಬೇಕು? ಉದ್ದ ಬೇಕು ಕಣ್ರೀ, ಉದ್ದ" ಎಂದು ನನ್ನನ್ನು ನಿಲ್ಲಿಸಿಕೊಂಡು ವಿವರಿಸಿದಿರಿ. ಕೊಳವೆ ಉದ್ದವಾದಷ್ಟೂ ಬಿಂಬ ದೊಡ್ಡದು. ಹಾಳೆ ಹಿಡಿದ ಜಾಗದಲ್ಲೇ ಫೋಟೋ ಪ್ಲೇಟು ಹಿಡಿದರೆ ಚಿತ್ರ. ಹತ್ತು ಜನ ಒಟ್ಟಿಗೆ ನಿಂತು ನೋಡಬಹುದು, ಯಾರ ಕಣ್ಣಿಗೂ ಅಪಾಯವಿಲ್ಲ. ಅಗಲ ಕನ್ನಡಿಯದ್ದು ರಾತ್ರಿಯ ಆಕಾಶಕ್ಕೆ ಸರಿ, ಬಿಸಿಲಿಗೆ ಹಿಡಿದರೆ ಬಿಸಿಯನ್ನೆಲ್ಲ ಬಾಚಿ ತಂದು ಒಂದೇ ಕಡೆ ಸುರಿಯುತ್ತದೆ. ಕಣ್ಣಿಡುವ ತೂತಿಗೆ ಹಾಕಲು ವ್ಯಾಪಾರಿ ಜೊತೆಗೆ ಕೊಡುತ್ತೇನೆಂದ ಕಪ್ಪು ಗಾಜಿನ ಬಿಲ್ಲೆ ಆ ಕಾವಿಗೆ ಯಾವಾಗ ಸೀಳುತ್ತದೋ ಹೇಳಲಾಗದು ಎಂದು, ಭೂತಗನ್ನಡಿ ಹಿಡಿದು ತೆಂಗಿನ ನಾರು ಸುಟ್ಟು ತೋರಿಸಿದಿರಿ. ಹೊಗೆ ನನ್ನ ಮೂಗಿಗೇ ಬಂತು. ಗೊತ್ತಿರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಹೇಳಲಿ?

ಈ ನಡುವೆ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಅದನ್ನು ಹೇಳದೆ ಮುಂದೆ ಹೋಗಲಾರೆ — ಕಾರಣ ಅಂತಲ್ಲ, ನಡೆದದ್ದು ನಡೆದ ಹಾಗೇ ಇರಲಿ ಅಂತ. ಹೆಡ್‌ಮಾಸ್ಟರ ಕೋಣೆಯಲ್ಲಿ ನಮ್ಮ ಸೂರ್ಯನ ಹಾಳೆಗಳನ್ನೆಲ್ಲ ಹರಡಿ ನೀವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಿರಿ. ಪ್ರತಿಯೊಂದು ಕಲೆಯೂ ನನ್ನ ಕೈಯದು. ನನ್ನ ಕಡೆ ತಿರುಗಿ ಸಾಹೇಬರು ಇವರು ಯಾರು ಎಂದರು. "ನಮ್ಮ ಕನ್ನಡ ಪಂಡಿತರು ಸಾರ್, ಗೆರೆ ಎಳ್ಕೊಡ್ತಾರೆ" ಎಂದಿರಿ ನೀವು. ಸಾಹೇಬರು, "ಓಹೋ, ಪಂಡಿತರಿಗೆ ಸೂರ್ಯನಲ್ಲೂ ಕಾಗುಣಿತ ಕಾಣಿಸಿತೇನು?" ಎಂದು ನಕ್ಕರು. ಹೆಡ್‌ಮಾಸ್ಟರು ನಕ್ಕರು. ನೀವೂ ನಕ್ಕಿರಿ.

ಆ ನಗು ನಿಮಗೆ ನೆನಪಿರಲಾರದು. ನನಗೆ ಅದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದಂತೆ — ಮೀನು ತಿನ್ನದವನು ಈ ಮಾತು ಆಡಬಾರದೇನೋ, ಆದರೂ ಹಾಗೇ. ಭಾನುವಾರಗಳೆಲ್ಲ, ಪದಗಳೆಲ್ಲ, ಎಳೆದು ತಂದ ಆ ಕುರ್ಚಿ — ಇಷ್ಟಕ್ಕೇನಾ ಅನ್ನಿಸಿತು. ಗೆರೆ ಎಳೆದುಕೊಡುವವನು! ನನ್ನ ನಂಬಿಕೆಗೆ ಮೊದಲು ಕೈಕೊಟ್ಟವರು ನೀವು ಎಂದು ಆ ಸಂಜೆ ಮನಸ್ಸಿನಲ್ಲೇ ತೀರ್ಪು ಬರೆದೆ. ಮರುದಿನ ಕೇಳಬಹುದಿತ್ತು, ಒಂದು ಮಾತು ಜಗಳವಾಡಬಹುದಿತ್ತು. ನೀವು ಖಂಡಿತ ತಲೆ ಚಚ್ಚಿಕೊಂಡು ತಪ್ಪಾಯಿತು ಅನ್ನುತ್ತಿದ್ದಿರಿ. ಕೇಳಲಿಲ್ಲ. ಎಂದಿನಂತೆ ಪಕ್ಕದಲ್ಲಿ ಕೂತೆ, ಎಂದಿನಂತೆ ಪದ ಕೊಟ್ಟೆ.

ವ್ಯಾಪಾರಿ ಅರಸೀಕೆರೆಗೆ ಬಂದ ದಿನ ನಿಮಗೆ ಹಾಸನದಲ್ಲಿ ಪರೀಕ್ಷೆಯ ಕೆಲಸ ಬಿತ್ತು. ರೈಲು ಹತ್ತುವಾಗ ನನ್ನ ಎರಡೂ ಕೈ ಹಿಡಿದುಕೊಂಡಿರಿ. "ನಾನು ಹೇಳಿದ್ರೆ ಅಳಿಯ ಅಂತ ಸಲಿಗೆ, ನೀವು ಹೇಳಿದ್ರೆ ಪಂಡಿತ್ರ ಮಾತು. ಮಾವನಿಗೆ ತಿಳಿಯೋ ಹಾಗೆ ನೀವೇ ಹೇಳಿ ಪಂಡಿತ್ರೆ — ಬಿಂಬ ಅನ್ನೋದು ಮರೀಬೇಡಿ" ಎಂದಿರಿ. ಮರೆಯುವುದೇ? ನಾನೇ ಹೇಳಿಕೊಟ್ಟ ಪದವನ್ನು?

ಮಂಡಿಯಲ್ಲಿ ಜಮಖಾನ ಹಾಸಿತ್ತು. ಸಾಹುಕಾರರು, ಹೆಡ್‌ಮಾಸ್ಟರು, ವ್ಯಾಪಾರಿ, ನಾನು. ಎರಡು ದೂರದರ್ಶಕಗಳ ಚಿತ್ರಗಳನ್ನೂ ಎದುರಿಗೆ ಇಟ್ಟಿದ್ದರು. ವ್ಯಾಪಾರಿ ದಪ್ಪ ಕೊಳವೆಯದ್ದನ್ನು ಹೊಗಳಿದ; ಕಪ್ಪು ಗಾಜು ಹಾಕಿಕೊಂಡರೆ ಸೂರ್ಯನನ್ನು ನೇರವಾಗಿ ನೋಡಬಹುದು ಎಂದ. ಸಾಹುಕಾರರು ಅವನಿಗೆ ಜಗ್ಗಲಿಲ್ಲ. ತೆಳ್ಳನೆಯ ಕೊಳವೆಯ ಮೇಲೆ ಬೆರಳಿಟ್ಟು, "ನಮ್ಮ ಶಾಂತ ಇದೇ ಅಂದವ್ನೆ. ಇದ್ರಾಗೆ ಏನು ಕಾಣ್ತೈತೆ, ನೀವು ಹೇಳ್ರೀ ಪಂಡಿತ್ರೆ" ಎಂದರು.

ಎರಡು ಪದವೂ ನಾಲಿಗೆಯ ಮೇಲಿದ್ದವು ಶಾಂತಪ್ಪನವರೇ. ಎರಡೂ. ಅವರು ದೂರದರ್ಶಕ ಆರಿಸುವುದಕ್ಕೆ ಕೂತಿದ್ದರು, ನಾನು ಪದ ಆರಿಸುವುದಕ್ಕೆ. ಸಾಹೇಬರ ನಗು ಕಿವಿಯಲ್ಲಿತ್ತು, ನಿಮ್ಮದೂ. ಗೆರೆ ಎಳೆಯುವವನ ಒಂದು ಮಾತಿಗೆ ಎಷ್ಟು ತೂಕವಿದೆ ನೋಡೋಣ ಅನ್ನಿಸಿತು ಕಾಣುತ್ತದೆ — ಏನನ್ನಿಸಿತೋ. ನನ್ನ ದನಿ ಮಾತ್ರ ಪಾಠ ಹೇಳುವಾಗಿನಷ್ಟೇ ಸ್ಪಷ್ಟವಾಗಿತ್ತು.

"ಕಾಗದದ ಮೇಲೆ ಸೂರ್ಯನ ನೆರಳು ಬೀಳುತ್ತದೆ, ಅಷ್ಟೇ."

ಸಾಹುಕಾರರ ಬೆರಳು ಚಿತ್ರದಿಂದ ಮೇಲೆದ್ದಿತು. "ನೆಳ್ಳಾ?" ಎಂದರು. "ನಮ್ಮಪ್ಪನ ಹೆಸರಾಗೆ ಊರಿಗೆ ನೆಳ್ಳು ತೋರ್ಸಾನಾ? ಜನ ಏನಂದಾರು?" ಅಪ್ಪನ ಹೆಸರಿಗೆ ನೆರಳು ತಾಗುವುದು ಅವರಿಗೆ ಹೇಗೆ ಕೇಳಿಸೀತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಂದಿದ್ದು. "ಸೂರ್ಯಪ್ಪನ್ನ ಕಣ್ಣಾರೆ ನೋಡಾಂಗಿರ್ಬೇಕು" ಎಂದು ದಪ್ಪ ಕೊಳವೆಯ ಚಿತ್ರವನ್ನು ತಮ್ಮ ಕಡೆ ಎಳೆದುಕೊಂಡರು. ನಾರು ಸುಟ್ಟ ಹೊಗೆ ನನಗೆ ನೆನಪಾಗಲಿಲ್ಲ ಎಂದಲ್ಲ. ಆಯಿತು. ಸುಮ್ಮನಿದ್ದೆ.

ನೀವು ಹಾಸನದಿಂದ ಬಂದವರು ಮನೆಗೂ ಹೋಗದೆ ನನ್ನ ಬಾಗಿಲಿಗೆ ಬಂದಿರಿ. ದಪ್ಪ ಕೊಳವೆಯದ್ದೇ ಗೊತ್ತಾಯಿತೆಂಬ ಸುದ್ದಿ ಸ್ಟೇಷನ್ನಿನಲ್ಲೇ ನಿಮ್ಮ ಕಿವಿಗೆ ಬಿದ್ದಿತ್ತು. "ಅಲ್ಲಿ ಏನು ಹೇಳಿದ್ರಿ ಪಂಡಿತ್ರೆ?" ಎಂದಿರಿ.

"ನೀವು ಹೇಳಿಕೊಟ್ಟದ್ದನ್ನೇ ಹೇಳಿದೆ" ಎಂದೆ.

ಒಂದು ಕ್ಷಣವೂ ಅನುಮಾನಿಸಲಿಲ್ಲ ನೀವು. ಅಲ್ಲಿಂದ ನೇರ ಮಂಡಿಗೆ ಹೋದಿರಿ. "ನೆಳ್ಳಿಗೆಲ್ಲ ನಾನು ದುಡ್ಡು ಹಾಕಾಕಿಲ್ಲ ಕಣ್ಲಾ" ಎಂದರಂತೆ ಮಾವ. ಹಿಂದೆ ನೀವೇ ಆ ಪದ ಬಳಸುತ್ತಿದ್ದವರು, ಅವರ ಮುಂದೆಯೂ ಯಾವಾಗಲೋ ಆಡಿದ್ದಿರಬೇಕು. ನಿಮ್ಮ ಹಳೆಯ ಮಾತನ್ನೇ ಹಿಡಿದು ಹಂಗಿಸುತ್ತಿದ್ದಾರೆ ಎಂದುಕೊಂಡಿರಿ. ಕೊಟ್ಟ ಮಾತಿಗೆ ತಪ್ಪಿದ ಎಂದು ಅವತ್ತಿನಿಂದ ನಿಮ್ಮ ಮಾವ ನಿಮಗೆ ಮಾವನಾಗಿ ಉಳಿಯಲಿಲ್ಲ. ನಾನು ನಿಮ್ಮನ್ನು ಸಮಾಧಾನ ಮಾಡಿದೆ! ದೊಡ್ಡವರು ಹಾಗೇ, ಬಿಡಿ ಎಂದೆ.

ದೂರದರ್ಶಕ ಬಂತು. ಸ್ಕೂಲಿನ ಅಂಗಳದಲ್ಲಿ ತೋರಣ ಕಟ್ಟಿದರು. ಸ್ವಾಗತ ಭಾಷಣ ನನ್ನದು. ನೀವು ಹಿಂದಿನ ದಿನವೇ ಕೂತು ಅದರ ಬಾಯಿಗೆ ರಟ್ಟಿನ ಮುಚ್ಚಳ ಮಾಡಿ, ನಡುವೆ ಸಣ್ಣ ತೂತು ಬಿಟ್ಟಿದ್ದಿರಿ, ಬಿಸಿಲು ಅಷ್ಟೇ ಒಳಗೆ ಹೋಗಲಿ ಎಂದು. ಸಾಹುಕಾರರು ಬಂದು ನೋಡಿದರು. ನೆಂಟರೆಲ್ಲ ಸುತ್ತ ನಿಂತಿದ್ದರು. "ಇಷ್ಟಗಲದ್ದು ತಂದ್ಕೊಟ್ರೆ ಬಾಯಿಗೆ ರಟ್ಟು ಕಟ್ಟಿದೀಯಲ್ಲೋ, ನನ್ನ ಮೇಲಿನ ಸಿಟ್ಟಿಗಾ?" ಎಂದರು. ನಿಮ್ಮ ಮುಖಕ್ಕೆ ರಕ್ತ ಏರಿತು. ರಟ್ಟನ್ನು ಕಿತ್ತು ನೆಲಕ್ಕೆ ಎಸೆದಿರಿ. "ಆಯ್ತು ಮಾವ. ನಿಮ್ಮ ಅಗಲವೇ ಆಗಲಿ. ಆದ್ರೆ ಮೊದಲು ನಾನು ನೋಡ್ತೀನಿ, ನಾನು ನೋಡೋ ತನಕ ಯಾರೂ ಮುಟ್ಟಕೂಡದು" ಎಂದಿರಿ.

ಸಿಟ್ಟಿನಲ್ಲೂ ನೀವು ಬೇರೆಯವರ ಕಣ್ಣು ಕಾಯ್ದಿರಿ.

ಕಪ್ಪು ಗಾಜಿನ ಬಿಲ್ಲೆ ಹಾಕಿ ನೀವು ಬಲಗಣ್ಣು ಇಟ್ಟಾಗ ನಾನು ಆಚೆ ಇರಲಿಲ್ಲ. ಪಕ್ಕದಲ್ಲೇ, ಕೈ ಚಾಚಿದರೆ ನಿಮ್ಮ ಹೆಗಲು ಸಿಗುವಷ್ಟು ಹತ್ತಿರ, ಮೈಸೂರು ಪೇಟ ಇಟ್ಟುಕೊಂಡು ನಿಂತಿದ್ದೆ. ಬೇಡ ಎನ್ನಬಹುದಿತ್ತು. ಸಾಹುಕಾರರೇ, ಅವತ್ತು ನಾನು ತಪ್ಪು ಹೇಳಿದೆ ಎನ್ನಬಹುದಿತ್ತು. ಭಾಷಣದ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ — ಅದರಲ್ಲಿ ಸೂರ್ಯನಿಗೆ ಒಳ್ಳೊಳ್ಳೆಯ ವಿಶೇಷಣ ಹಾಕಿದ್ದೆ. ಅಷ್ಟರಲ್ಲಿ ಲಾಟೀನಿನ ಬಿಸಿ ಬುರುಡೆಗೆ ನೀರು ತಾಗಿದಂಥ ಸಣ್ಣ ಸದ್ದು. ನೀವು ಕೂಗಲೂ ಇಲ್ಲ. ಹಿಂದಕ್ಕೆ ಸರಿದು, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, "ಗಾಜು ಸೀಳ್ತು. ಯಾರೂ ಬರಬೇಡಿ" ಎಂದಿರಿ.

ಮೈಸೂರಿನ ಡಾಕ್ಟರು ಕಣ್ಣಿನ ನಟ್ಟನಡುವೆ ಸುಟ್ಟಿದೆ ಎಂದರು. ಸುತ್ತಲಿನದು ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಾಣದು, ಅದಕ್ಕೆ ಮದ್ದಿಲ್ಲ. ದೂರದರ್ಶಕ ಲ್ಯಾಬಿನ ಮೂಲೆಗೆ ಹೋಗಿ ಹಳೆಯ ಪರದೆ ಹೊದ್ದುಕೊಂಡಿತು. ಸೂರ್ಯನ ಒಂದು ಫೋಟೋವನ್ನೂ ನೀವು ತೆಗೆಯಲಿಲ್ಲ. ಹಳೇಬೀಡಿಗೆ ಮತ್ತೆ ನಾವು ಹೋಗಲಿಲ್ಲ. ಎಡಗಣ್ಣು ಚೆನ್ನಾಗಿದೆಯಲ್ಲ, ಕೈದುರ್ಬೀನು ಇದೆಯಲ್ಲ ಎಂದು ನಾನೇ ಒಮ್ಮೆ ಅಂದೆ, ನಾಚಿಕೆಯಿಲ್ಲದೆ. "ಕಣ್ಣಲ್ಲ ಪಂಡಿತ್ರೆ ಹೋಗಿದ್ದು" ಎಂದಿರಿ. ಏನು ಹೋಯಿತು ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ.

ಇನ್ನೊಂದಿದೆ. ಇದನ್ನು ಬರೆಯುವುದಕ್ಕೇ ಇಷ್ಟು ವರ್ಷ ಹಿಡಿಯಿತು ಎನ್ನಿಸುತ್ತದೆ. ಸಾಹುಕಾರರು ಹಾಸಿಗೆ ಹಿಡಿದಾಗ ನನಗೆ ಹೇಳಿಕಳಿಸಿದರು. ನಿಮ್ಮನ್ನು ಒಂದು ಸಲ ಕರೆದುಕೊಂಡು ಬನ್ನಿ ಎಂದು ಬೇಡಿಕೊಂಡರು; ನೀವು ಬರುವುದಿಲ್ಲ ಎಂದಿರಿ, ನಾನು ಬರಿಗೈಯಲ್ಲಿ ಹೋದೆ. ಅವರು ಅತ್ತರು ಶಾಂತಪ್ಪನವರೇ. ಅಷ್ಟು ದೊಡ್ಡ ಆಳು, ಗೋಡೆ ಕಡೆ ತಿರುಗಿ ಅತ್ತರು. "ನಾನೇನು ಮೋಸ ಮಾಡ್ದೆ ಹೇಳ್ರೀ. ಅವ್ನು ಹೇಳಿದ್ದೇ ತರಾನ ಅಂತಿದ್ದೆ. ನೀವೇ ಅಲ್ವರಾ ನೆಳ್ಳು ಅಂದಿದ್ದು?" ಎಂದರು.

ಅವರು ನನ್ನನ್ನು ದೂರಲಿಲ್ಲ. ಪಂಡಿತರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ ಎಂದೇ ಅವರ ಎಣಿಕೆ. ಸುಮ್ಮನೆ ಕೇಳಿದರು. ಅವತ್ತು ನಾನು ಅಲ್ಲಿಂದ ಎದ್ದು ನಿಮ್ಮ ಮನೆಗೆ ನಡೆದು ಬಂದಿದ್ದರೆ — ಮೂರು ಬೀದಿ ಆಚೆ ನಿಮ್ಮ ಮನೆ! ನಾನು ಅವರಿಗೆ ನೀರು ಕುಡಿಸಿ, ಧೈರ್ಯ ಹೇಳಿ, ನನ್ನ ಮನೆಗೆ ಹೋದೆ. ಸಾಕಿದ ಅಳಿಯ ಕೈಬಿಟ್ಟ ಎಂದುಕೊಂಡೇ ಅವರು ಹೋದರು. ಮಾವ ಕೈಕೊಟ್ಟ ಎಂದುಕೊಂಡೇ ನೀವು ಇದ್ದೀರಿ. ಅವರ ಮಣ್ಣಿಗೆ ನೀವು ಬರಲಿಲ್ಲ. ನಾನು ಹೋಗಿದ್ದೆ.

ಸಾಹೇಬರ ಮುಂದಿನ ಆ ಮಾತನ್ನು ನೆಪವಾಗಿ ಎಷ್ಟು ವರ್ಷ ಕಾಪಾಡಿಕೊಂಡೆ ಗೊತ್ತೇ? ಆಗಾಗ ತೆಗೆದು ಒರೆಸಿ ಇಡುತ್ತಿದ್ದೆ. ಈಗ ಅದು ಏನೂ ಅಲ್ಲ. ಒಂದು ಮಾತಿನಲ್ಲಿ ನೀವು ನನ್ನನ್ನು ಸಣ್ಣವನನ್ನಾಗಿ ಮಾಡಿದ್ದಿರಿ, ಅಷ್ಟೇ. ನಾನು ಒಂದು ಮಾತಿನಲ್ಲಿ ನಿಮ್ಮ ಕಣ್ಣು, ನಿಮ್ಮ ಕೆಲಸ, ನಿಮ್ಮ ಮಾವ ಮೂರನ್ನೂ ತೆಗೆದೆ. ಬದುಕಿಡೀ ಪದಗಳನ್ನು ತಿದ್ದಿದವನು ಈ ಒಂದನ್ನು ತಿದ್ದಲಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ.

ನೀವು ರಿಟೈರಾಗಿ ಜಾವಗಲ್ಲಿಗೆ ಹೋದ ಮೇಲೂ ನಾನು ಬಸ್ಸು ಹತ್ತಿ ಬರುತ್ತಲೇ ಇದ್ದೇನೆ. ಈಗ ನಿಮ್ಮ ಮನೆಯ ರೊಟ್ಟಿ ತಿನ್ನುತ್ತೇನೆ. ನೀವು ಪ್ರತಿ ಸಲವೂ ಅದೇ ತಮಾಷೆ ಮಾಡುತ್ತೀರಿ. ಎಡಗಣ್ಣು ಮುಚ್ಚಿ ಬಲಗಣ್ಣಿಂದ ನನ್ನನ್ನು ದಿಟ್ಟಿಸಿ, "ನಿಮ್ಮ ಪೇಟ ಕಾಣ್ತದೆ, ಅಂಗಿ ಕಾಣ್ತದೆ. ಮುಖದ ಜಾಗದಲ್ಲಿ ಮಾತ್ರ ಒಂದು ಕಪ್ಪು ಕಲೆ ಕಣ್ರೀ ಪಂಡಿತ್ರೆ. ಸೂರ್ಯನ ಕಲೆ ಇದ್ದಾಂಗೆ" ಎಂದು ನಗುತ್ತೀರಿ. ನಾನೂ ನಗುತ್ತೇನೆ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಗೆ ಹಣೆಯಿಟ್ಟು ಕೂರುತ್ತೇನೆ.

ಇದನ್ನು ಟಪಾಲಿಗೆ ಹಾಕುವುದಿಲ್ಲ. ಸಣ್ಣ ಅಕ್ಷರ ನಿಮಗೆ ಈಗ ಆಗುವುದಿಲ್ಲ, ಬೇರೆ ಯಾರೋ ಓದಿ ಹೇಳುವಂಥದ್ದೂ ಅಲ್ಲ. ಬರುವ ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಕಾಫಿ ತರಿಸುತ್ತೀರಿ, ಕುಡಿಯುವುದಿಲ್ಲ. ನೀವು ಎಂದಿನಂತೆ ಎಡಗಣ್ಣು ಮುಚ್ಚುವುದಕ್ಕೆ ಕೈ ಎತ್ತುತ್ತೀರಿ. ಆ ಕೈ ಹಿಡಿದುಕೊಳ್ಳುತ್ತೇನೆ. ಇವತ್ತು ಬಲಗಣ್ಣು ಮುಚ್ಚಿಕೊಳ್ಳಿ ಶಾಂತಪ್ಪನವರೇ, ಒಳ್ಳೆಯ ಕಣ್ಣಿಂದ ನನ್ನ ಮುಖ ನೋಡಿ ಎನ್ನುತ್ತೇನೆ. ಆಮೇಲೆ ಹೇಳುತ್ತೇನೆ — ನೆರಳು ಅಂದವನು ನಾನು.